ಮೆತ್ತಕ್ಕನ ಪಾಸ್ಟ್ ಪರ್ಫೆಕ್ಟ್ ದಿನ

ಆ ಕನ್ನಡಕದಂಗಡಿಯಲ್ಲಿ ಕೂರುವ ಹಾಗಿಲ್ಲ. ಗಿರಾಕಿ ನಿಂತಿರುವಾಗ ಮಾರುವವರು ಕೂತರೆ ಅಂಗಡಿಗೆ ಸೋಮಾರಿತನದ ಕಳೆ ಬರುತ್ತದೆ ಎನ್ನುವುದು ಯಜಮಾನಿಯ ನಂಬಿಕೆ. ಹಾಗಾಗಿ ಮೆತ್ತಕ್ಕ ಮದುವೆಯಾದ ಮರುವರ್ಷ ಗಾಜಿನ ಕಪಾಟಿನ ಮುಂದೆ ನಿಂತವಳು, ಮಗಳು ಕಾಲೇಜು ಮುಗಿಸಿದರೂ ನಿಂತೇ ಇದ್ದಳು. ಮೆತ್ತಗೆ ಮಾತಾಡುತ್ತಾಳೆಂದು ಅವಳಿಗೆ ಆ ಹೆಸರು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ, ಪಾದಗಳು ಬೇರೆ ಯಾರದೋ ಮನೆಯಿಂದ ಎರವಲು ತಂದವುಗಳ ಹಾಗೆ ಅನ್ನಿಸುತ್ತಿದ್ದವು.

ಯಜಮಾನಿಯ ಕೋಣೆ ಬಿಟ್ಟರೆ ಇಡೀ ಅಂಗಡಿಯಲ್ಲಿ ಕುರ್ಚಿ ಇದ್ದದ್ದು ಒಂದೇ ಕೆಲಸಕ್ಕೆ. ಮಹಡಿಯ ಮೇಲಿನ ಕಣ್ಣಿನ ಡಾಕ್ಟರನ್ನು ಕಾಣಬೇಕಾದವರ ಫೋನು ತೆಗೆದುಕೊಂಡು, ಯಾರು ಯಾವಾಗ ಬರಬೇಕೆಂದು ಗೊತ್ತುಮಾಡುವ ಕೆಲಸ. ಅಲ್ಲಿದ್ದಾಕೆ ಬಿಟ್ಟುಹೋಗಿದ್ದಳು. ಫೋನು ಮಾಡುವವರಲ್ಲಿ ಮುಕ್ಕಾಲು ಪಾಲು ಇಂಗ್ಲಿಷಿನವರು.

ಯಜಮಾನಿ ಮೆತ್ತಕ್ಕನನ್ನೂ, ಅವಳ ಜೊತೆ ನಿಲ್ಲುತ್ತಿದ್ದ ಹೊಸ ಹುಡುಗಿ ಪುಟ್ಟಿಯನ್ನೂ ಕರೆದು ಹೇಳಿದಳು: "ನಾಳೆ ಸಂಜೆ ಇಬ್ರೂ ನನ್ನ ಹತ್ರ ಬನ್ನಿ. ದಿನ ಹೇಗೆ ಕಳೀತು ಅಂತ ಇಂಗ್ಲಿಷಲ್ಲಿ ಹೇಳಿ. ಪುಸ್ತಕದ ವಾಕ್ಯ ಬೇಡ. ಹಿಂದಿನವಳು ಬಾಯಿಪಾಠ ಮಾಡ್ಕೊಂಡು ಬಂದು, ಫೋನ್ ಮಾಡಿದವರಿಗೆಲ್ಲ ನದಿ ಹರೀತಿದೆ, ಹಕ್ಕಿ ಹಾರ್ತಿದೆ ಅಂತಿದ್ಳು. ನೀವು ಹೇಳೋದು ನಿಜವಾಗಿ ನಡೆದದ್ದಾಗಿರ್ಬೇಕು."

ಪುಸ್ತಕದ ವಾಕ್ಯ ಕೇಳಿದ್ದರೆ ಮೆತ್ತಕ್ಕ ನಿದ್ದೆಯಲ್ಲೂ ಒಪ್ಪಿಸುತ್ತಿದ್ದಳು. ಪಕ್ಕದ ಮನೆಯ ಮೈಕಮ್ಮ ತಿಂಗಳುಗಟ್ಟಲೆ ಪಾಠ ಹೇಳಿದ್ದಳು. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಘೋಷಣೆ ಮಾಡಿ ನಿವೃತ್ತಳಾದಾಕೆ ಅವಳು. ಅವಳ ವ್ಯಾಕರಣವೆಲ್ಲ ರೈಲಿನದೇ. ರೈಲು ಬರುತ್ತದೆ, ರೈಲು ಬರುತ್ತಿದೆ, ರೈಲು ಬಂದಿದೆ, ನೀನು ಬರುವಷ್ಟರಲ್ಲಿ ರೈಲು ಹೋಗಿತ್ತು. "ರೈಲು ತಪ್ಪಿಸಿಕೊಂಡವರಿಗೇ ಕಣೇ ಪಾಸ್ಟ್ ಪರ್ಫೆಕ್ಟ್ ಅರ್ಥ ಆಗೋದು," ಎನ್ನುತ್ತಿದ್ದಳು.

"ಆದ್ರೆ ನನ್ನ ದಿನದಲ್ಲಿ ಹೇಳೋಕೆ ಏನಿದೆ, ಅಮ್ಮಾ?" ಎಂದಳು ಆ ರಾತ್ರಿ ಮೈಕಮ್ಮನ ಬಳಿ ಹೋದ ಮೆತ್ತಕ್ಕ. "ಏಳ್ತೀನಿ, ಬಸ್ ಹತ್ತೀನಿ, ನಿಲ್ತೀನಿ, ಬರ್ತೀನಿ. ಮುಗೀತು."

"ಎಲ್ಲಾ ಒಂದೇ ಕಾಲ!" ಮೈಕಮ್ಮ ಹಣೆ ಚಚ್ಚಿಕೊಂಡಳು. "ಹೀಗೆ ಹೇಳಿದ್ರೆ ಕುರ್ಚಿ ಅಲ್ಲ, ಮಣೇನೂ ಕೊಡಲ್ಲ. ಒಂದ್ ಕೆಲ್ಸ ಮಾಡೋಣ. ನಾಳೆಯ ದಿನವನ್ನೇ ವ್ಯಾಕರಣಕ್ಕೆ ಸರಿಯಾಗಿ ನಡೆಸಿಬಿಡೋಣ. ಸುಳ್ಳು ಹೇಳೋ ಪ್ರಮೇಯವೇ ಬರಲ್ಲ."

ಮರುದಿನ ಬೆಳಿಗ್ಗೆ ಮೈಕಮ್ಮ ಅಡುಗೆಮನೆಯಲ್ಲಿ ಹಾಜರಾದಳು. ಮೊದಲ ವಾಕ್ಯ: ಹಾಲು ಕಾಯುತ್ತಿದ್ದಾಗ ಫೋನು ಬಂತು. ಹಾಲನ್ನು ಒಲೆಯ ಮೇಲೆ ಇಟ್ಟಾಗಿತ್ತು. ಫೋನು ಬರಬೇಕಿತ್ತು.

"ರೀ, ಹಾಲು ಉಕ್ಕೋ ಮುಂಚೆ ನಂಗೊಂದು ಫೋನ್ ಮಾಡಿ," ಎಂದು ಮೆತ್ತಕ್ಕ ನಡುಮನೆಯಲ್ಲಿದ್ದ ಗಂಡನಿಗೆ ಹೇಳಿದಳು.

"ಇಲ್ಲೇ ಇದ್ದೀಯಲ್ಲೇ. ಏನು ಹೇಳ್ಬೇಕು ಹೇಳು, ಬಾಯಲ್ಲೇ ಹೇಳ್ತೀನಿ."

"ಏನೂ ಹೇಳ್ಬೇಡಿ. ಬರೀ ಫೋನ್ ಮಾಡಿ."

"ಏನೂ ಹೇಳೋಕಿಲ್ದೆ ಫೋನ್ ಯಾಕೆ?"

"ಇಂಗ್ಲಿಷಿಗೆ ಕಣ್ರೀ!"

ಗಂಡ ಒಳ್ಳೆಯವನು, ಆದರೆ ಯಾವ ಕೆಲಸಕ್ಕೂ ಮೊದಲು ಕನ್ನಡಕ ಹುಡುಕುವವನು. ಅವನು ದಿಂಬಿನಡಿ ನೋಡಿ, ಪೇಪರಿನಡಿ ನೋಡಿ, ಕೊನೆಗೆ ಅದು ತಲೆಯ ಮೇಲೇ ಸಿಕ್ಕಿ, ಗುಂಡಿ ಒತ್ತುವ ಹೊತ್ತಿಗೆ ಹಾಲು ಉಕ್ಕಿ, ಒಲೆ ಆರಿಸಿ, ಕಟ್ಟೆಯಿಂದ ಇಳಿದು ಮೈಕಮ್ಮನ ಕಾಲ್ಬೆರಳು ಮುಟ್ಟಿತ್ತು. ಆಗ ಫೋನು ರಿಂಗಾಯಿತು.

"ಅಯ್ಯೋ, ಎಲ್ಲಾ ಹಾಳಾಯ್ತು!"

"ಹಾಳೇನು ಬಂತು?" ಮೈಕಮ್ಮನ ಮುಖ ಅರಳಿತ್ತು. "ಫೋನ್ ಬರುವಷ್ಟರಲ್ಲಿ ಹಾಲು ಉಕ್ಕಿಹೋಗಿತ್ತು. ಪಾಸ್ಟ್ ಪರ್ಫೆಕ್ಟ್! ನಾವು ಕೇಳಿದ್ದಕ್ಕಿಂತ ಮೇಲಿನ ದರ್ಜೆ ಕಣೇ ಇದು."

"ಹಾಗಾದ್ರೆ ನನ್ನ ಕಾಫಿ?" ಎಂದು ಗಂಡ ಇಣುಕಿದ.

"ಅದು ಫ್ಯೂಚರ್," ಎಂದಳು ಮೈಕಮ್ಮ.

ಎರಡನೆಯ ವಾಕ್ಯ ಬಸ್ ಸ್ಟಾಪಿನದು. 'ಬಹಳ ಹೊತ್ತಿನಿಂದ ಕಾಯುತ್ತಲೇ ಇದ್ದೆ' ಎಂದು ಹೇಳಬೇಕಾದರೆ ಬಹಳ ಹೊತ್ತು ಕಾಯಬೇಕು. ಆದರೆ ಎಂದೂ ಹೊತ್ತಿಗೆ ಸರಿಯಾಗಿ ಬಾರದ ಬಸ್ಸು, ಅವತ್ತು ಮೆತ್ತಕ್ಕ ಬಂದು ನಿಂತ ಕೂಡಲೇ ಸಾಕಿದ ನಾಯಿಯ ಹಾಗೆ ಓಡಿಬಂದು ಅವಳ ಕಾಲಬುಡದಲ್ಲೇ ನಿಂತಿತು.

"ಹತ್ತಿ ಅಕ್ಕಾ," ಎಂದ ಕಂಡಕ್ಟರ್.

"ಇಲ್ಲಪ್ಪ, ಕಾಯ್ತಾ ಇದ್ದೀನಿ."

"ಯಾರಿಗೆ?"

"ಬಸ್ಸಿಗೆ."

"ಇದೇ ಅಲ್ವಾ ಬಸ್ಸು!"

"ಇದಲ್ಲ."

ಬಸ್ಸಿನ ಎಲ್ಲ ಕಿಟಕಿಗಳಿಂದಲೂ ತಲೆಗಳು ಹೊರಬಂದವು. "ಮನೇಲಿ ಏನೋ ಆಗಿರ್ಬೇಕು," ಎಂದಿತು ಒಂದು ತಲೆ. "ಮುಖ ನೋಡಿ, ಅತ್ತಿದ್ದಾರೆ," ಎಂದಿತು ಇನ್ನೊಂದು. ಡ್ರೈವರ್ ಎಂಜಿನನ್ನೇ ನಿಲ್ಲಿಸಿದ. "ಇಷ್ಟು ವರ್ಷದಿಂದ ಕರ್ಕೊಂಡು ಹೋಗ್ತಿದ್ದೀನಿ. ನಿಮ್ಮನ್ನ ಬಿಟ್ಟು ಹೋಗಲ್ಲ ಅಕ್ಕಾ." ಹಿಂದಿನ ಗಾಡಿಗಳು ಕಿರುಚಿಕೊಳ್ಳತೊಡಗಿದವು. ದಿನವೂ ಅದೇ ಬಸ್ಸಿಗೆ ಬರುವ ನರ್ಸಮ್ಮ ಇಳಿದುಬಂದು ಮೆತ್ತಕ್ಕನ ಕೈ ಹಿಡಿದುಕೊಂಡಳು.

"ಯಾರಿಗೂ ಹೇಳಲ್ಲ, ನಂಗೊಬ್ಬಳಿಗೆ ಹೇಳಿ. ನಂಗೂ ಒಂದೊಂದ್ಸಲ ಹೀಗೇ ಅನ್ಸುತ್ತೆ ಕಣ್ರೀ. ಬಸ್ ಬಂದ್ರೂ ಹತ್ತಬಾರದು, ಹಾಗೇ ನಿಂತುಬಿಡ್ಬೇಕು ಅಂತ."

ಮೆತ್ತಕ್ಕನಿಗೆ ಒಂದು ಗಳಿಗೆ ವ್ಯಾಕರಣ ಮರೆತೇಹೋಯಿತು. ದಿನವೂ ಮಾತಿಲ್ಲದೆ ಪಕ್ಕದಲ್ಲಿ ಕೂರುವ ಈ ಹೆಂಗಸಿನ ಒಳಗೆ ಇದೆಲ್ಲ ಇತ್ತೇ ಎಂದು ಅವಳನ್ನೇ ನೋಡಿದಳು. "ನಂಗೇನೂ ಆಗಿಲ್ಲ, ನೀವು ಹೊರಡಿ, ಡ್ಯೂಟಿಗೆ ಹೊತ್ತಾಗುತ್ತೆ," ಎಂದು ಬಲವಂತವಾಗಿ ಹತ್ತಿಸಿ ಕಳಿಸಿದಳು. ಮುಂದಿನ ಬಸ್ಸು ಮಾತ್ರ ಬಹಳ ನಿಯತ್ತಿನದು. ಬರಲೇ ಇಲ್ಲ. ಬಂದಾಗ ಬಿಸಿಲು ನೆತ್ತಿಗೇರುತ್ತಿತ್ತು.

ಪುಣ್ಯಕ್ಕೆ ಯಜಮಾನಿ ಸಂಜೆಯ ಹೊತ್ತಿಗಷ್ಟೇ ಬರುವವಳು. ತಡವಾಗಿ ಬಂದ ಕತೆಯನ್ನು ಮೆತ್ತಕ್ಕ ಪುಟ್ಟಿಗೂ, ಹಿಂದಿನ ಕೋಣೆಯಲ್ಲಿ ಲೆನ್ಸು ಉಜ್ಜುವ ಗಾಜಪ್ಪನಿಗೂ ಹೇಳಿದಳು. ಹೇಳಬಾರದಿತ್ತು. ಗಾಜಪ್ಪ ಪರೋಪಕಾರಿ. ಕೇಳದಿದ್ದರೂ ಬಂದು ಹೆಗಲು ಕೊಡುವವನು.

"ಇನ್ನು ಯಾವುದು ಬಾಕಿ ಅಕ್ಕಾ?"

"ಬೆಳಿಗ್ಗೆ ತಪ್ಪಿಹೋದದ್ದೇ. ಒಂದು ಕೆಲಸ ನಡೀತಿದ್ದಾಗ ಮಧ್ಯೆ ಇನ್ನೊಂದು ಆಗ್ಬೇಕು. ಗಿರಾಕಿಗೆ ಫ್ರೇಮ್ ತೋರಿಸ್ತಿದ್ದಾಗ ಏನಾದ್ರೂ ಆಗ್ಬೇಕು. ಸಣ್ಣದು."

"ಅಷ್ಟೇನಾ? ನಂಗೆ ಬಿಡಿ."

ಊಟದ ಹೊತ್ತು ಕಳೆದಮೇಲೆ ದಪ್ಪ ಮೀಸೆಯ ಗಿರಾಕಿಯೊಬ್ಬ ಬಂದ. ಹಾಕಿಕೊಂಡಿದ್ದ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಮೆತ್ತಕ್ಕ ಕೊಟ್ಟ ಹೊಸ ಫ್ರೇಮು ಏರಿಸಿ ಕನ್ನಡಿ ನೋಡುತ್ತಿದ್ದ. ಅಷ್ಟರಲ್ಲಿ ಗಾಜಪ್ಪ ಒಂದು ಡಬ್ಬಿಯ ಮುಚ್ಚಳ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಬಂದ. ಅದನ್ನು ನೆಲಕ್ಕೆ ಬೀಳಿಸುವುದು, 'ಠಣ್' ಎನ್ನಿಸುವುದು ಅವನ ಯೋಜನೆ. ಕೈ ಎತ್ತಿದಾಗ ಮೊಣಕೈ ಹಿಂದಿನ ಸ್ಟ್ಯಾಂಡಿಗೆ ತಗುಲಿತು. ಸ್ಟ್ಯಾಂಡಿನ ಮೇಲಿದ್ದ ಫ್ರೇಮುಗಳೆಲ್ಲ, ಗಂಡಸರವು, ಹೆಂಗಸರವು, ಮಕ್ಕಳವು, ಜಾತ್ರೆ ಬಿಟ್ಟ ಜನದ ಹಾಗೆ ನೆಲದ ತುಂಬ ಹರಡಿದವು. ಮೀಸೆಯವನು ಬೆಚ್ಚಿ ಕೈಯಲ್ಲಿದ್ದದ್ದನ್ನು ಬಿಟ್ಟ, ಹಿಂದೆ ಸರಿದ, ತನ್ನ ಕನ್ನಡಕವನ್ನು ತಾನೇ ತುಳಿದ.

"ಸಣ್ಣದು ಅಂದಿದ್ನಲ್ಲಪ್ಪಾ!" ಎಂದು ಮೆತ್ತಕ್ಕ ಪಿಸುಗುಟ್ಟಿದಳು.

"ಮುಚ್ಚಳ ಸಣ್ಣದೇ ಅಕ್ಕಾ," ಎಂದ ಗಾಜಪ್ಪ.

ಗಿರಾಕಿಯನ್ನು ಹೇಗೋ ಸಮಾಧಾನ ಮಾಡಿ ಕಳಿಸಿ, ಮೆತ್ತಕ್ಕ ನೆಲದ ಮೇಲೆ ಮಂಡಿಯೂರಿ ಫ್ರೇಮು ಆರಿಸತೊಡಗಿದಳು. "ಅಂಗಡಿ ಮುಚ್ಚುವಷ್ಟರಲ್ಲಿ ಎಲ್ಲಾ ಜೋಡಿಸಿ ಮುಗಿಸಿರ್ತೀನಿ," ಎಂದವಳು ಹಾಗೇ ತಡೆದಳು. ಪುಟ್ಟಿ ಗಾಬರಿಯಿಂದ ಬಗ್ಗಿದಳು.

"ಏನಾಯ್ತು ಅಕ್ಕಾ? ಗಾಜು ಚುಚ್ಚಿತಾ?"

"ಇಲ್ಲ ಕಣೇ. ಫ್ಯೂಚರ್ ಪರ್ಫೆಕ್ಟ್ ಸಿಕ್ತು."

ಸಂಜೆ ಯಜಮಾನಿಯ ಕೋಣೆಗೆ ಮೊದಲು ಹೋದವಳು ಪುಟ್ಟಿ. ಅವಳ ಮಾತು ಬಾಗಿಲಾಚೆಗೆ ಕೇಳುತ್ತಿತ್ತು. "ಐ ಕಮ್. ಐ ಓಪನ್. ಐ ಕ್ಲೀನ್. ಐ ಸೆಲ್. ಐ ಗೋ." ಅಷ್ಟಕ್ಕೇ ನಿಂತಿತು. ಪಾಪ ಎನ್ನಿಸಿತು ಮೆತ್ತಕ್ಕನಿಗೆ.

ಆಮೇಲೆ ಅವಳ ಸರದಿ. ಬಾಯಿ ತೆರೆದದ್ದಷ್ಟೇ, ಹೊರಬಂದದ್ದು ಅವಳ ಮೆತ್ತನೆ ದನಿಯಲ್ಲ, ಮೈಕಮ್ಮನ ಖಣಖಣ ದನಿ. ಹಾಲು ಉಕ್ಕಿಹೋಗಿತ್ತು. ಬಂದ ಬಸ್ಸನ್ನು ಅವಳು ಬಿಟ್ಟಿದ್ದಳು. ಬಹಳ ಹೊತ್ತಿನಿಂದ ಕಾಯುತ್ತಲೇ ಇದ್ದಳು. ಅವಳು ತೋರಿಸುತ್ತಿದ್ದಾಗ ಸ್ಟ್ಯಾಂಡು ಬಿತ್ತು, ಕನ್ನಡಕ ಒಡೆಯಿತು. ಮೇಡಮ್ ಅಂಗಡಿ ಮುಚ್ಚುವಷ್ಟರಲ್ಲಿ ಅವಳು ಎಲ್ಲವನ್ನೂ ಜೋಡಿಸಿ ಮುಗಿಸಿರುತ್ತಾಳೆ. ಹ್ಯಾಡು, ಹ್ಯಾಸು, ಬೀನು, ವಿಲ್ಲು, ಒಂದೂ ದಾರಿ ತಪ್ಪಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಯಾರಾದರೂ 'ಇವತ್ತು ಏನಾಯ್ತು' ಎಂದು ಕೇಳಿದರೆ 'ಏನಿಲ್ಲ' ಎನ್ನುತ್ತಿದ್ದವಳು ಅವಳು. ತನಗೂ ಒಂದು ದಿನ ನಡೆಯಿತು, ಅದನ್ನು ಒಬ್ಬರು ಕೂತು ಪೂರ್ತಿ ಕೇಳಿದರು ಎನ್ನುವುದೇ ಅವಳ ಕಣ್ಣಲ್ಲಿ ನೀರು ತರಿಸಿತು.

ಯಜಮಾನಿ ಚಪ್ಪಾಳೆ ತಟ್ಟಿದಳು. "ಮೆತ್ತಕ್ಕ! ಒಂದೇ ಒಂದು ತಪ್ಪಿಲ್ಲ. ಇಂಥ ಇಂಗ್ಲಿಷ್ ಡಾಕ್ಟರಿಗೂ ಬರಲ್ಲ."

ಮೆತ್ತಕ್ಕ ಕಣ್ಣಂಚಿನಲ್ಲೇ ಬಾಗಿಲಾಚೆಯ ಖಾಲಿ ಕುರ್ಚಿಯ ಕಡೆ ನೋಡಿದಳು.

"ಆದ್ರೆ ಒಂದ್ ಮಾತು," ಯಜಮಾನಿಯ ದನಿ ಇಳಿಯಿತು. "ಹಾಲು ಉಕ್ಕಿಸಿದ್ರಿ, ಬಸ್ ತಪ್ಪಿಸ್ಕೊಂಡ್ರಿ, ಅಂಗಡಿಗೆ ಲೇಟಾಗಿ ಬಂದ್ರಿ, ಗಿರಾಕಿ ಕನ್ನಡಕ ಒಡೀತು. ಒಂದೇ ದಿನದಲ್ಲಿ! ಹೊತ್ತು ಹೊತ್ತಿಗೆ ಜನರನ್ನ ಕರೆಯೋ ಕೆಲ್ಸಕ್ಕೆ ನಿಮ್ಮನ್ನ ಹೇಗೆ ಕೂರಿಸ್ಲಿ?"

"ಅಯ್ಯೋ ಮೇಡಮ್, ಅದನ್ನೆಲ್ಲ ಬೇಕಂತಲೇ ಮಾಡಿದ್ದು!"

"ಬೇಕಂತಲೇ?" ಯಜಮಾನಿ ಕುರ್ಚಿಯಿಂದ ಅರ್ಧ ಎದ್ದಳು. "ಸ್ಟ್ಯಾಂಡನ್ನೂ?"

ಮುಂದೆ ಏನು ಹೇಳಿದರೂ ಇನ್ನೂ ಆಳಕ್ಕೆ ಇಳಿಯುವುದು ಖಂಡಿತವಾಗಿತ್ತು.

"ಪುಟ್ಟಿ ನೋಡಿ. ಬರ್ತಾಳೆ, ಬಾಗಿಲು ತೆಗೀತಾಳೆ, ಮಾರ್ತಾಳೆ, ಹೋಗ್ತಾಳೆ. ಆ ಮೇಜಿಗೆ ಅಂಥವ್ರೇ ಬೇಕು," ಎಂದು ಯಜಮಾನಿ ಹೊರಬಂದು ಪುಟ್ಟಿಯನ್ನು ಆಗಲೇ ಕುರ್ಚಿಯಲ್ಲಿ ಕೂರಿಸಿದಳು. "ಹಾಗಂತ ನಿಮ್ಮ ಇಂಗ್ಲಿಷನ್ನ ವ್ಯರ್ಥ ಮಾಡಲ್ಲ ಮೆತ್ತಕ್ಕ."

ಅಷ್ಟರಲ್ಲಿ ಮೇಜಿನ ಫೋನು ರಿಂಗಾಯಿತು. ಪುಟ್ಟಿ ಎತ್ತಿ ಕಿವಿಗಿಟ್ಟು ಕೇಳಿದಳು, ಕೇಳಿದಳು, ಬೆವತಳು. "ಅಕ್ಕಾ, ಇವ್ರು ಹೋದ ವಾರ ಬಂದಿದ್ರೋ, ಮುಂದಿನ ವಾರ ಬರ್ತಾರೋ, ಒಂದೂ ತಿಳೀತಿಲ್ಲ!"

"ಅದನ್ನೇ ಹೇಳೋಕೆ ಹೊರಟಿದ್ದೆ," ಎಂದಳು ಯಜಮಾನಿ. "ಅವಳು ಕೂತು ಬರ್ಕೊಳ್ಳಲಿ. ಫೋನ್ ಬಂದಾಗೆಲ್ಲ ನೀವು ಹೋಗಿ ಮಾತಾಡಿ. ಗಿರಾಕಿ ಇಲ್ದೆ ಇದ್ದಾಗ ಹೇಗೂ ಸುಮ್ನೆ ನಿಂತಿರ್ತೀರಲ್ಲ."

ಮೆತ್ತಕ್ಕ ಹೋಗಿ ಫೋನು ತೆಗೆದುಕೊಂಡಳು. ಪುಟ್ಟಿ ಒಳ್ಳೆಯ ಹುಡುಗಿ. ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡು, ಅಕ್ಕನಿಗೆ ನಿಲ್ಲಲು ಜಾಗ ಮಾಡಿಕೊಟ್ಟಳು.