ಬಡಿಸಿದವಳ ಬಾಗಿಲಿಗೆ ಬಂದ ಮೋರಿ

ಕಳೆದ ವರ್ಷ ಅವರೆ ಕಾಲದಲ್ಲಿ ಜಗುಲಿಯ ಮೇಲೆ ಕೂತು, ನೆನೆಸಿದ ಕಾಳು ಹಿದುಕುತ್ತಿದ್ದೆ. ಮೇಲಿನ ಬೀದಿಯ ರತ್ನಮ್ಮ ಓಡಿಬಂದಳು.

"ಅಕ್ಕಯ್ಯಾ, ಪಂಚಾಯ್ತಿಗೆ ದಿಲ್ಲಿಯಿಂದ ದುಡ್ಡು ಬರ್ತದಂತೆ! ನಮ್ಮ ವಾರ್ಡಿನ ಪಾಲು ಯಾವ ಕೆಲಸಕ್ಕೆ ಅಂತ ಮೆಂಬರ್ರು ನೀನೇ ಹೇಳಬೇಕಂತೆ!"

ಹೌದು, ಮೆಂಬರ್ ನಾನೇ. ಮಹಿಳಾ ಮೀಸಲಾತಿ ಬಂದಾಗ ಇಡೀ ವಾರ್ಡಿನಲ್ಲಿ ಬೇಡ ಅನ್ನಲು ಬಾಯಿ ಬಾರದವಳು ನಾನೊಬ್ಬಳೇ ಇದ್ದೆ. ಆದರೆ ಹಂಚುವುದೆಂದರೆ ನನಗೆ ಭಯವಿಲ್ಲ. ಭಜನೆ ಮನೆಯಲ್ಲಿ ಪ್ರಸಾದ ಹಂಚಿ ಪಳಗಿದ ಕೈ ಇದು. ಕೊನೆಯವರಿಗೆ ಪುಳಿಯೋಗರೆ ಸಾಲಲಿಲ್ಲ ಎಂಬ ಮಾತೇ ಬಂದಿಲ್ಲ. ಕೇಂದ್ರ ಸರ್ಕಾರದ ಅನುದಾನವೇನು ಪುಳಿಯೋಗರೆಗಿಂತ ದೊಡ್ಡದೇ!

ಸಭೆಯಲ್ಲಿ ಪಿಡಿಓ ಮೇಡಂ ತಾಳ್ಮೆಯಿಂದ ಹೇಳಿದರು. "ನೋಡಿ ಅಮ್ಮಾ, ಮೊದಲ ಕಂತು ಬರ್ತದೆ. ಎರಡನೇದು ಬಂದ್ರೆ ಬಂತು. ನಮ್ಮ ಕಂದಾಯದಲ್ಲಿ ಬೀದಿದೀಪದ ಬಿಲ್ಲೇ ಕಟ್ಟಕ್ಕಾಗ್ತಿಲ್ಲ. ನಿಮ್ಮ ಬೀದಿಗಳೆಲ್ಲ ಇಳಿಜಾರು, ನಿಮ್ಮ ಮನೆ ಮೂಲೇಲೇ ಬಂದು ಸೇರ್ತವೆ. ಮೊದಲು ಅಲ್ಲಿಂದ ಹಳ್ಳದವರೆಗೆ ದೊಡ್ಡ ಮೋರಿ ಮಾಡ್ಸಿ. ಬೀದಿ ಮೋರಿ ಆಮೇಲೆ."

ಊರಿಗೆ ಬಂದ ದುಡ್ಡಿನಲ್ಲಿ ಮೊದಲ ಗುದ್ದಲಿ ನನ್ನ ಬಾಗಿಲಲ್ಲೇ?

"ಮೇಡಂ, ಬಡಿಸೋಳು ಮೊದಲು ತನ್ನೆಲೆಗೆ ಬಡಿಸ್ಕೊಳ್ಳಲ್ಲ. ಮೇಲಿನ ಬೀದಿಗಳಿಗೆ ಮಾಡ್ಸಿ. ನಂದು ಕೊನೆಗೆ."

"ಅಮ್ಮಾ, ಇದು ಊಟ ಅಲ್ಲ, ಮೋರಿ!"

"ಧರ್ಮ ಎಲ್ಲಾ ಕಡೆ ಒಂದೇ, ಮೇಡಂ" ಎಂದು ಘೋಷಿಸಿ ಸಹಿ ಹಾಕಿದೆ. ಸಭೆ ಚಪ್ಪಾಳೆ ತಟ್ಟಿತು. ಮೇಡಂ ತಟ್ಟಲಿಲ್ಲ.

ನಮ್ಮೆಜಮಾನರು ನರಸಾಪುರದ ಕಂಪನಿಯಲ್ಲಿ ಕೆಲಸಕ್ಕಿದ್ದಾರೆ. ಅಂದು ಬಸ್ಸಿಳಿದು ಬಂದವರು ಸುದ್ದಿ ಕೇಳಿ, ಒಂದು ಬೂಟು ಬಿಚ್ಚಿ ಹಾಗೇ ಕೂತುಬಿಟ್ಟರು.

"ಲೇ, ನೀರು ಎತ್ತಲಿಂದ ಎತ್ತ ಹರೀತದೆ?"

"ಮೇಲಿಂದ ಕೆಳಕ್ಕೆ."

"ಕೆಳಗೆ ಯಾರವ್ರೆ?"

"ಎರಡನೇ ಕಂತು ಬರ್ತದೆ ಬಿಡ್ರಿ. ಆವನಿ ಬೆಟ್ಟದ ತಾಯಿ ಸೀತಮ್ಮ ನಮ್ಮ ಕೈ ಬಿಡ್ತಾಳಾ?"

ಸೀತಮ್ಮ ಕೈ ಬಿಡಲಿಲ್ಲ. ಎರಡನೇ ಕಂತು ಬಿಟ್ಟಿತು!

ಬೀದಿ ಮೋರಿಗಳೇನೋ ಕನ್ನಡಿಯ ಹಾಗೆ ನುಣುಪು. ಮೊದಲು ಅವರವರ ನೀರು ಅವರವರ ಹಿತ್ತಲಲ್ಲೇ ಇಂಗುತ್ತಿತ್ತು. ಈಗ ಒಂದು ಹನಿಯೂ ಪೋಲಾಗದೆ ನನ್ನ ಗೇಟಿನವರೆಗೆ ಬಂದು, ಮುಂದೆ ದಾರಿಯಿಲ್ಲವೆಂದು ನಿಂತುಬಿಡುತ್ತದೆ. ರಂಗೋಲಿಗೆ ಚುಕ್ಕಿ ಇಟ್ಟು ಎಳೆ ಎಳೆಯುವಷ್ಟರಲ್ಲಿ ಚುಕ್ಕಿಗಳು ಹೊರಟಿರುತ್ತವೆ. ತುಳಸಿಕಟ್ಟೆ ಎತ್ತರಕ್ಕಿದೆ, ಅದೇ ದೇವರ ದಯೆ.

ಪಂಚಾಯ್ತಿಗೆ ಓಡಿದೆ.

"ಮೇಲಿಂದ ಇನ್ನೂ ಬಂದಿಲ್ಲ ಅಮ್ಮಾ" ಎಂದರು ಮೇಡಂ.

"ನಮ್ಮನೆಗೆ ದಿನಾ ಬರ್ತಾ ಇದೆ ಮೇಡಂ!"

ಯಜಮಾನರು ಈಗ ಬೂಟು ಕೈಯಲ್ಲಿ ಹಿಡಿದು, ಕಲ್ಲಿನಿಂದ ಕಲ್ಲಿಗೆ ಹಾರಿ ಕಂಪನಿ ಬಸ್ಸು ಹಿಡಿಯುತ್ತಾರೆ. "ಬಡಿಸೋರು ನಮ್ಮೋರಾದ್ರೆ ಕೊನೇ ಪಂಕ್ತೀಲಿ ಕೂತ್ರೂ ಚಿಂತಿಲ್ಲ ಅಂತಾರೆ. ನಮ್ಮೋಳೇ ಬಡಿಸಿದ್ಲು, ನನಗೆ ಕೈ ತೊಳೆದ ನೀರು!"

ರತ್ನಮ್ಮ ಮಾತ್ರ ಸಿಕ್ಕಾಗಲೆಲ್ಲ ಕೈ ಮುಗಿಯುತ್ತಾಳೆ. "ಅಕ್ಕಯ್ಯಾ, ನಿನ್ನ ಪುಣ್ಯ. ನಮ್ಮ ಬೀದೀಲಿ ಒಂದು ಸೊಳ್ಳೆ ಇಲ್ಲ!"

ಗೊತ್ತು. ಎಲ್ಲವೂ ನಮ್ಮಲ್ಲಿಗೇ ಬಂದಿವೆ.

ಈಗ ಮತ್ತೆ ಅವರೆ ಕಾಲ. ಇವತ್ತು ಬೆಳಿಗ್ಗೆ ಗೇಟಿಗೆ ಅವರೆ ಸಿಪ್ಪೆ ತೇಲಿಬಂತು. ಮೇಲೆ ಯಾರದೋ ಮನೆಯಲ್ಲಿ ಹಿದುಕಿದ ಬೇಳೆ ಸಾರು! ನನಗೂ ಆಸೆಯಾಯಿತು. ಕಾಳು ನೆನೆಸಿಟ್ಟು, ಸಂಜೆ ಹಿದುಕಿ, ತೊಳೆದ ನೀರು ಚೆಲ್ಲಲು ಬಾಗಿಲಿಗೆ ಬಂದೆ. ಚೆಲ್ಲಲು ಜಾಗವೇ ಇರಲಿಲ್ಲ. ಬೇಸಿನ್ ಸೊಂಟಕ್ಕಿಟ್ಟುಕೊಂಡು ಮೇಲಿನ ಬೀದಿ ಹತ್ತಿ, ರತ್ನಮ್ಮನ ಮನೆ ಮುಂದಿನ ಮೋರಿಗೆ ಸುರಿದೆ.

ಇಳಿದು ಬಂದು ನೋಡಿದರೆ, ನೀರು ನನಗಿಂತ ಮೊದಲೇ ಮನೆ ಸೇರಿತ್ತು!

ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ಬೇಳೆ ಬೇಯಲಿಟ್ಟೆ.