ಎಂಟೂವರೆ ಇಂಚಿನ ಹಠ

ಬಾಗಲಗುಂಟೆಯ ನಮ್ಮ ಮನೆಯಲ್ಲಿ ನನ್ನದು ಅಂತ ಇರುವುದು ಒಂದೇ ಒಂದು ಕಪಾಟು. ಪೀಣ್ಯದ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರಾಗಿ ದುಡಿದ ನನ್ನ ವರ್ನಿಯರ್, ಮೈಕ್ರೋಮೀಟರ್, ಮೂಲೆಮಟ್ಟದಂಥ ಅಳತೆ ಉಪಕರಣಗಳೆಲ್ಲ (ಕೊಂಡವು, ಕದ್ದವಲ್ಲ) ಅದರಲ್ಲಿ ವಿರಾಜಮಾನವಾಗಿವೆ. ಈ ಸಾಮ್ರಾಜ್ಯದ ಮೇಲೆ ನನ್ನ ಹೆಂಡತಿ ವತ್ಸಲಾಳ ಕಣ್ಣು ಬಿತ್ತು. ಕಾರಣ, ಅವಳ ಮೂರು ಮೂಟೆ ಬಟ್ಟೆಚೂರು ಮತ್ತು ಹದಿನೆಂಟು ವರ್ಷಗಳಿಂದ ಹೊಲಿದು ಜೋಡಿಸದೆ ಬಿಟ್ಟ ನಲವತ್ತೆರಡು ಚೌಕಗಳು. ಜೋಡಿಸಿದರೆ ಕೌದಿ, ಜೋಡಿಸದಿದ್ದರೆ ಜಿರಲೆಗಳ ಕಲ್ಯಾಣಮಂಟಪ.

“ಜೋಡಿಸೋದೇನು ಮಹಾ, ಒಂದು ವಾರದ ಕೆಲಸ,” ಎಂದುಬಿಟ್ಟೆ.

“ಹಾಗಾದ್ರೆ ಭಾನುವಾರದೊಳಗೆ ನೀವೇ ಜೋಡಿಸಿ. ಆಗ್ಲಿಲ್ಲ ಅಂದ್ರೆ ಕಪಾಟು ನಂದು.”

ಮಹಡಿ ಮೇಲೆ ಬಾಡಿಗೆಗಿರುವ ಸಿದ್ದಕ್ಕ ಅಲ್ಲೇ ನಿಂತಿದ್ದಳು. ಸಾಕ್ಷಿ ಇದ್ದಮೇಲೆ ಹಿಂದೆ ಸರಿಯುವ ಮಾತೆಲ್ಲಿ? ಸಿದ್ದಕ್ಕ ಬಾಗಲಕೋಟೆ ಕಡೆಯವಳು, ಗಾರ್ಮೆಂಟ್ಸ್‌ನಲ್ಲಿ ಕೆಲಸ. “ಸಾಹೇಬ್ರ, ಕೌದಿ ಅಂದ್ರ ನೆಲಕ್ಕ ಹಾಸಿ, ಕೈ ಆಡಿಸಿಕೋತ ಹೊಲೀಬೇಕ್ರಿ. ಅಳತಿ ಗಿಳತಿ ಬ್ಯಾಡ್ರಿ,” ಎಂದಳು.

ನನಗೆ ಅಳತೆ ಬೇಡ ಎನ್ನುವುದೂ ಪುರೋಹಿತರಿಗೆ ಮಂತ್ರ ಬೇಡ ಎನ್ನುವುದೂ ಒಂದೇ. ಅವತ್ತೇ ತಗಡಿನಲ್ಲಿ ಎಂಟೂವರೆ ಇಂಚಿನ ಚೌಕಟ್ಟು ಮಾಡಿದೆ. ಅದರೊಳಗೆ ಸರಿಯಾಗಿ ಕೂತ ಚೌಕ ಪಾಸು, ಕೂರದ್ದು ಫೇಲು. ನನ್ನ ಹಳೇ ಯೂನಿಫಾರಮ್ಮಿನ ದಪ್ಪ ಬಟ್ಟೆಯ ಇಪ್ಪತ್ತು ಚೌಕ ಸಲೀಸಾಗಿ ಪಾಸಾದವು. ಉಳಿದ ಇಪ್ಪತ್ತೆರಡು ಸಿದ್ದಕ್ಕ ತಂದುಕೊಟ್ಟಿದ್ದ ಟೀ-ಶರ್ಟ್ ಚೂರಿನವು, ಒಂದೊಂದು ಇಂಚು ಗಿಡ್ಡ. ನಾನು ಬಿಡುವವನೇ? ಜಗ್ಗಿದೆ. ಬಂತು. ಪಾಸು.

“ಅದು ಬನಿಯನ್ ಬಟ್ಟೆ ಕಣ್ರೀ,” ಎಂದಳು ವತ್ಸಲಾ. “ಬಿಟ್ರೆ ವಾಪಸ್ ಹೋಗತ್ತೆ.”

“ಯಾವ ಬಟ್ಟೆಯಾದ್ರೇನು, ತಗಡು ಒಪ್ಪಿದೆ.”

“ನೀವು ಹೊದ್ಕೊಳ್ಳೋದು ಬಟ್ಟೇನೋ ತಗಡನ್ನೋ?”

ಇಂಥ ತಾಂತ್ರಿಕೇತರ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ. ಯೂನಿಫಾರಂ ಚೌಕಗಳನ್ನು ನಡುವೆ ಇಟ್ಟು, ಟೀ-ಶರ್ಟ್ ಚೌಕಗಳನ್ನು ಸುತ್ತಲೂ ಜಗ್ಗಿ ಜಗ್ಗಿ ಜೋಡಿಸಿ, ಕೆಳಗೆ ಎರಡು ಹಳೇ ಜಮಖಾನ ಕೊಟ್ಟು, ಹತ್ತು ಬೆರಳಿಗೂ ಸೂಜಿ ಚುಚ್ಚಿಕೊಂಡು, ಭಾನುವಾರ ಮಧ್ಯಾಹ್ನ ಕೊನೆಯ ಗಂಟು ಹಾಕಿ ನಡುಮನೆಯಲ್ಲಿ ಹಾಸಿದೆ.

ಹಾಸಿದೆ ಎನ್ನುವುದು ಸುಳ್ಳು. ಜಗ್ಗಿದ್ದ ಅಂಚು ಸುತ್ತಲಿಂದ ಮುದುಡಿಕೊಂಡಿತು, ನಡುವಿನ ಭಾಗ ಬಾಣಲೆ ಕವುಚಿಟ್ಟ ಹಾಗೆ ಎದ್ದು ನಿಂತಿತು. ಇಲ್ಲಿ ಒತ್ತಿದರೆ ಅಲ್ಲಿ ಉಬ್ಬಿತು. ಅಲ್ಲಿ ಕೂತರೆ ಇಲ್ಲಿ.

ಸಿದ್ದಕ್ಕ ಸುತ್ತು ಹಾಕಿ ನೋಡಿದಳು. “ಚಲೋ ಆಗೈತ್ರಿ. ಕೋಳಿ ಮುಚ್ಚಾಕ.”

“ಇದು ಕೌದಿನಾ?” ಎಂದಳು ವತ್ಸಲಾ.

“ಹೊದ್ಕೊಳ್ಳೋಕೆ ಬಂದ್ರೆ ಕೌದಿ,” ಎಂದವನೇ ನೆಲದ ಮೇಲೆ ಮಲಗಿ ಎಳೆದುಕೊಂಡೆ. ತಲೆ ಹೊರಗೆ, ಮೊಣಕಾಲಿನಿಂದ ಕೆಳಗೆ ಹೊರಗೆ, ನಡುವೆ ನನ್ನ ಹೊಟ್ಟೆಗೂ ಎಟುಕದ ಎತ್ತರದಲ್ಲಿ ಗುಮ್ಮಟ. ಏಪ್ರಿಲ್ ತಿಂಗಳು, ಎರಡು ಜಮಖಾನ. ಬೆವರು ಕಿವಿಗೆ ಇಳಿಯಿತು.

“ಏಳ್ರೀ, ಬೆಂದ್ಹೋಗ್ತೀರ.”

“ಏಳಲ್ಲ. ನಾನು ಹೊದ್ದಿರೋ ತನಕ ಇದು ಕೌದಿ. ಕಪಾಟು ನಂದು.”

“ಎಷ್ಟೊತ್ತು ಹೊದ್ದಿರ್ತೀರ?”

“ರಿಟೈರ್ ಆಗಿದೀನಿ. ಟೈಮಿದೆ.”

“ಸರಿ, ಮಲಗಿರಿ. ಏಳೋದಂತೂ ಗ್ಯಾರಂಟಿ, ಅಷ್ಟರಲ್ಲಿ ನಾನು ಕೆಲಸ ಶುರು ಮಾಡಿರ್ತೀನಿ. ಬಾ ಸಿದ್ದಕ್ಕ.”

ಕಪಾಟಿನ ಬಾಗಿಲು ಕಿರ್ರೆಂದಿತು. ಮೈಕ್ರೋಮೀಟರ್ ಡಬ್ಬಿ ನೆಲಕ್ಕೆ ಕುಕ್ಕಿದ ಸದ್ದು ನನ್ನ ಎದೆಗೇ ಬಡಿಯಿತು. ಎದ್ದು ಓಡಿದರೆ ಸೋತೆ. ಮಲಗಿದ್ದರೆ ಕಪಾಟು ಖಾಲಿ. ಮಲಗಿಯೇ ಘರ್ಜಿಸಿದೆ: “ಅದನ್ನ ಮುಟ್ಟಬೇಡಿ, ಝೀರೋ ತಪ್ಪಿ ಅಳತೆ ಕೆಡತ್ತೆ.”

“ಅಕ್ಕಾರ, ಈ ಕಬ್ಬಿಣ ಎಲ್ಲಿ ಇಡೂನ್ರಿ?” ಸಿದ್ದಕ್ಕನ ದನಿ.

ಆಮೇಲೆ ನನ್ನ ಎಡಗಡೆ ಕೌದಿಯ ಅಂಚು ಮೇಲಕ್ಕೆದ್ದಿತು, ಒಂದಿಷ್ಟು ತಣ್ಣನೆ ಗಾಳಿ ಬಂತು, ಅದರ ಹಿಂದೆಯೇ ವತ್ಸಲಾಳ ಕೈ.

“ಸ್ವಲ್ಪ ಆ ಕಡೆ ಸರೀರಿ. ಇದರೊಳಗೆ ಬೇಕಾದಷ್ಟು ಜಾಗ ಇದೆ.”

ವರ್ನಿಯರ್ ಬಂತು, ಮೂಲೆಮಟ್ಟ ಬಂತು, ನಾಲ್ಕು ಡಬ್ಬಿ ಸ್ಕ್ರೂ ಬಂದವು. ಸರಿದು ಜಾಗ ಕೊಟ್ಟೆ. ಏಳಲಿಲ್ಲ.