ರೇಗಡಿಗುಟ್ಟದ ಮೊದಲ ಮನೆ

ಹೇಮಂತನಿಗೆ ಆ ಮನೆಯ ಮೇಲೆ ಪ್ರೀತಿ, ಮನೆಯೊಡತಿ ಕೃಷ್ಣಾಬಾಯಿಗೆ ಬೇಸರ. ತೊಂದರೆ ಶುರುವಾದದ್ದೇ ಅಲ್ಲಿಂದ.

ತಾರ್ನಾಕ ದಾಟಿದ ಮೇಲೆ ಸಿಗುವ ರೇಗಡಿಗುಟ್ಟ ಒಂದು ಕಾಲಕ್ಕೆ ಉತ್ತರ ಕರ್ನಾಟಕದಿಂದ ಬಂದವರು ನೆಲೆಸಿದ, ತನ್ನದೇ ಸಂತೆಯಿದ್ದ ಪುಟ್ಟ ಊರು. ಹೈದರಾಬಾದು ಬೆಳೆದು ಬಂದು, ರೈಲಿನ ಸೀಟಿನಲ್ಲಿ ಕೂತ ದಪ್ಪ ಮನುಷ್ಯನಂತೆ ಅದನ್ನು ಕಿಟಕಿಗೆ ಒತ್ತಿಬಿಟ್ಟಿತ್ತು. ಹಳೆಯ ಮನೆಗಳು ಒಂದೊಂದಾಗಿ ಬಿಲ್ಡರನ ಕೈಗೆ ‘ಡೆವಲಪ್‌ಮೆಂಟಿಗೆ’ ಹೋಗುತ್ತಿದ್ದವು: ಜಾಗ ನಿಮ್ಮದು, ಕಟ್ಟುವವನು ಅವನು, ಎದ್ದ ಫ್ಲ್ಯಾಟುಗಳಲ್ಲಿ ಇಬ್ಬರಿಗೂ ಪಾಲು. ಶಹಾಬಾದಿ ಕಲ್ಲು ಹಾಸಿದ ಕೃಷ್ಣಾಬಾಯಿಯ ಮನೆಯೂ ಸೋಮವಾರ ಹೋಗುವುದಿತ್ತು. ಅದರ ಮುಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದವನು ಮೈಸೂರಿನ ಹೇಮಂತ. ಮಾದಾಪುರದ ಆಫೀಸಿನಿಂದ ಬಂದು ಆ ತಂಪು ಕಲ್ಲಿನ ಮೇಲೆ ಕಾಲಿಟ್ಟರೆ ಸಾಕು, ಅವನ ಸುಸ್ತೆಲ್ಲ ನೆಲಕ್ಕಿಳಿಯುತ್ತಿತ್ತು.

ಮನೆ ಉಳಿಯಬೇಕಾದರೆ ಕೃಷ್ಣಾಬಾಯಿ ಅಜ್ಜಿಗೆ ಅದರ ಮೇಲೆ ಅಭಿಮಾನ ಹುಟ್ಟಬೇಕು ಎಂದುಕೊಂಡ ಅವನು, ಭಾನುವಾರ ಸಂಜೆ ಕಾಲೊನಿಯ ಸಭಾಂಗಣದಲ್ಲಿ ‘ನಮ್ಮೂರ ಕತೆ’ ಎಂಬ ಕೂಟ ಇಟ್ಟ. ಊರಿನ ಮೊದಲ ಮನೆಯವರಿಗೆ ಶಾಲು ಹೊದಿಸುವುದೆಂದೂ ಸಾರಿದ.

ಅಂದು ಬೆಳಿಗ್ಗೆಯೇ ಪಕ್ಕದ ಮನೆಯ ಶೋಭಾ ತನ್ನ ಮದುವೆಯ ಫೋಟೋ ಹಿಡಿದು ಬಂದಳು. ಮದುಮಗಳ ಹಿಂದಿನ ಗೋಡೆಯೇ ಅವಳ ಪುರಾವೆ.

“ನಮ್ಮ ಮಾವನವರು ಈ ಗ್ವಾಡಿ ಕಟ್ಟಿದಾಗ ಇಲ್ಲಿ ನರಿ ಕೂಗತಿದ್ವು.”

ಬೆನ್ನಿಗೇ ಬಂದ ಎದುರು ಮನೆಯ ಅಂಬಣ್ಣ, “ನಮ್ಮಪ್ಪ ಬಂದಾಗ ನರೀನೂ ಬಂದಿದ್ದಿಲ್ಲ” ಎಂದರು.

ಹೇಮಂತನ ಚಹಾ ಕುಡಿಯುತ್ತ ಇಬ್ಬರೂ ಮಧ್ಯಾಹ್ನದವರೆಗೆ ಜಗಳಾಡಿದರು. ಸಮಾಧಾನ ಮಾಡಲು ಹೋದ ಅವನ ಬಾಯಿಂದ ಒಂದು ಮಾತು ಜಾರಿತು: “ಯಾರದ್ದಾದರೇನು ಬಿಡಿ, ಎಲ್ಲಕ್ಕಿಂತ ಹಳೇ ಮನೆ ಅಂತ ಗೊತ್ತಾದ್ರೆ ಸರ್ಕಾರದೋರು ಕೆಡವೋದಕ್ಕೆ ಬಿಡದೇನೂ ಇರಬಹುದು.”

ಇಬ್ಬರೂ ತಮ್ಮ ಮನೆಯನ್ನು ಬಿಲ್ಡರನಿಗೆ ಕೊಡುವವರೇ. ಶೋಭಾ ಫೋಟೋವನ್ನು ಕಣ್ಣ ಹತ್ತಿರ ಹಿಡಿದಳು. “ಈ ಗ್ವಾಡಿ ನಮ್ದಲ್ಲ ಅನಸಾಕತ್ತೈತಿ. ತವರಮನೀದಿರಬೇಕು.”

ಅಂಬಣ್ಣನಿಗೂ ತಮ್ಮ ಮನೆ ನಿನ್ನೆ ಮೊನ್ನೆ ಕಟ್ಟಿದ್ದೆಂಬುದು ನೆನಪಾಯಿತು. ಸುದ್ದಿ ಓಣಿ ಸುತ್ತಿ ಬರುವಷ್ಟರಲ್ಲಿ ರೇಗಡಿಗುಟ್ಟದಲ್ಲಿ ಮೊಬೈಲಿಗಿಂತ ಹಳೆಯ ಮನೆಯೇ ಉಳಿಯಲಿಲ್ಲ.

ಸಂಜೆ ಸಭಾಂಗಣ ತುಂಬಿತು. ಎಲ್ಲರೂ ಬಂದದ್ದು ಇನ್ನೊಬ್ಬರ ಮನೆಯತ್ತ ಬೆರಳು ತೋರಿಸಲು. ಅಜ್ಜಿಯೂ ತಮ್ಮದಲ್ಲವೆಂದರೆ ಮನೆ ಹೋದಂತೆಯೇ ಎಂದು ಹೇಮಂತ ಉಗುರು ಕಚ್ಚುತ್ತ ಕೂತ.

ಕೃಷ್ಣಾಬಾಯಿ ನಿಧಾನಕ್ಕೆ ಎದ್ದರು.

“ಮೊದಲನೇ ಮನಿ ನಮ್ದ. ಅಂಬಣ್ಣಾ, ನಿಮ್ಮನಿಗೆ ಮಾಳಿಗಿ ಹಾಕೋತನಕ ನಿಮ್ಮವ್ವ ನಮ್ಮ ಪಡಸಾಲ್ಯಾಗ ಮಲಗ್ಯಾಳ. ನೀ ಹುಟ್ಟಿದ್ದೂ ಅಲ್ಲೇ. ಶೋಭಾ, ನಿಮ್ಮ ಮಾವ ಮಳಿ ಬಂತಂತ ಸಿಮೆಂಟ್ ಚೀಲ ತಂದು ನಮ್ಮ ದೇವರ ಮನ್ಯಾಗ ಒಟ್ಟಿದ್ರು. ಆ ವರ್ಷ ದೇವ್ರು ಕಪಾಟಿನ್ಯಾಗ ಕೂತಿದ್ದ.”

ಯಾರೋ ನಕ್ಕರು. ಅಂಬಣ್ಣ ನಗಲಿಲ್ಲ. ಅವ್ವ ಸಾಯುವಾಗಲೂ ಆ ಪಡಸಾಲೆಯನ್ನೇ ಕೇಳುತ್ತಿದ್ದಳೆಂದು ಮೆಲ್ಲಗೆ ಹೇಳಿ, ತಾವೇ ಎದ್ದು ಅಜ್ಜಿಗೆ ಶಾಲು ಹೊದಿಸಿದರು. ಬಿಲ್ಡರನಿಗೆ ಬರಬೇಡವೆಂದು ಅಜ್ಜಿ ಅಲ್ಲಿಂದಲೇ ಫೋನು ಮಾಡಿಸಿದರು.

ಮನೆಗೆ ನಡೆಯುವಾಗ ಹೇಮಂತನ ಕಾಲು ನೆಲದ ಮೇಲಿರಲಿಲ್ಲ. ಅಜ್ಜಿಯ ಕಣ್ಣಲ್ಲೂ ಬೆಳಕಿತ್ತು.

“ಚಲೋ ಕೆಲಸ ಮಾಡಿದಿ ನೋಡಪಾ. ಎಲ್ಲಾರೂ ತಮ್ಮ ಹಳೇ ಫೋಟೋ, ಹಳೇ ಸಾಮಾನು ತಂದು ನಮ್ಮನ್ಯಾಗ ಇಡ್ತಾರಂತ. ಊರ ಕತಿ ಹುಡುಗ್ರು ಬಂದು ನೋಡೋಹಂಗ ಆಗತೈತಿ.”

“ತುಂಬಾ ಒಳ್ಳೇದಾಯ್ತು ಅಜ್ಜಿ. ಎಲ್ಲಿ ಇಡೋಣ?”

“ಮುಂದಿನ ಎರಡು ಖೋಲ್ಯಾಗ.”

ಹೇಮಂತ ನಿಂತೇಬಿಟ್ಟ. ಅಜ್ಜಿ ಅವನ ಬೆನ್ನು ಸವರಿದರು.

“ಮನಸಿಗೆ ಹಚ್ಚಕೋಬ್ಯಾಡ. ಕಡೇ ಬಾಡಿಗೀದಾಂವ ಅಂತ ನಿನ್ನ ಫೋಟೋನೂ ಗ್ವಾಡಿಗೆ ಹಾಕಸ್ತೀನಿ. ಚಲೋದೊಂದು ಕೊಟ್ಟ ಹೋಗು.”